ಗೋವಾ 1961: ನಿಜವಾದ ಯುದ್ಧಭೂಮಿಯಿಂದ ಶೂಟರ್ ಮ್ಯಾಪ್ ಮಾಡುವುದು ಹೇಗೆ?

ನೀವು ಕೇಳಿದ್ದು ಎರಡು ವಿಷಯ. ವಾಸ್ಕೋದಲ್ಲಿರುವ ನಿಮ್ಮ ನಾಲ್ವರ ಕನ್ನಡ ತಂಡ ಅನ್‌ರಿಯಲ್ ಎಂಜಿನ್ ಎಂಬ ಗೇಮ್ ತಂತ್ರಾಂಶದಲ್ಲಿ 8 ಎದುರು 8 ಆಟಗಾರರ ಶೂಟರ್ (ಗುಂಡು ಹಾರಿಸುವ) ಆಟದ ಮ್ಯಾಪ್ ಕಟ್ಟಲು ಹೊರಟಿದೆ, ಅದಕ್ಕೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಇಳಿದ ನಾರ್ಮಂಡಿಯ ಓಮಾಹಾ ಬೀಚ್ ಒಳ್ಳೆಯದೋ, ಭಾರತ ಪೋರ್ಚುಗೀಸರಿಂದ ಬಿಡಿಸಿಕೊಂಡ 1961ರ ಗೋವಾ ಒಳ್ಳೆಯದೋ? ಆರಿಸಿದ ಜಾಗವನ್ನು ನಿಜ ಅಳತೆಯಲ್ಲೇ ಇಡಬೇಕೋ? ಗೋವಾ ಆರಿಸಿ. ನಿಜ ಅಳತೆ ಬೇಡ.

ಮೊದಲು ಓಮಾಹಾ ಯಾಕೆ ಬೇಡ ಅಂತ ಹೇಳುತ್ತೇನೆ, ಏಕೆಂದರೆ ಗೋವಾದಲ್ಲಿ ಏನು ಹುಡುಕಬೇಕು ಅನ್ನುವುದೂ ಅಲ್ಲೇ ತಿಳಿಯುತ್ತದೆ. ಆ ದಡ ಸುಮಾರು 8 ಕಿ.ಮೀ. ಉದ್ದ. ಹಿಂದೆ 30ರಿಂದ 50 ಮೀಟರ್ ಎತ್ತರದ ದಿಣ್ಣೆಸಾಲು, ಅದನ್ನು ಸೀಳಿಕೊಂಡು ಒಳನಾಡಿಗೆ ಹೋಗುವ ಐದು ಕಣಿವೆದಾರಿಗಳು. 1944ರ ಜೂನ್ 6ರ ಬೆಳಿಗ್ಗೆ ಸೈನಿಕರು ಇಳಿದದ್ದು ಸಮುದ್ರ ಹಿಂದೆ ಸರಿದಿದ್ದ ಹೊತ್ತಿನಲ್ಲಿ, ಹಾಗಾಗಿ ಇನ್ನೂರೈವತ್ತು ಮೀಟರ್‌ಗೂ ಹೆಚ್ಚು ಬಯಲು ಮರಳನ್ನು ದಾಟಬೇಕಾಯಿತು. ಅನ್‌ರಿಯಲ್‌ನ ಪಾತ್ರ ಡಿಫಾಲ್ಟಾಗಿ ಸೆಕೆಂಡಿಗೆ 6 ಮೀಟರ್ ಓಡುತ್ತದೆ. ಅಂದರೆ ಪ್ರತಿ ಸಲ ಸತ್ತು ಎದ್ದ ಮೇಲೆ 40 ಸೆಕೆಂಡಿಗೂ ಹೆಚ್ಚು ಹೊತ್ತು ಮಷೀನ್‌ಗನ್ ಎದುರು ಓಡುವುದೇ ಕೆಲಸ. ನೂರು ಜನರ ಆಟದಲ್ಲಿ ಇದು ನಡೆಯುತ್ತದೆ. ಹೆಲ್ ಲೆಟ್ ಲೂಸ್ ಎಂಬ ಆಟ 50 ಎದುರು 50 ಜನರನ್ನು ಸುಮಾರು 2 ಕಿ.ಮೀ. ಚದರದ ಮ್ಯಾಪ್‌ಗಳಲ್ಲಿ ಬಿಡುತ್ತದೆ, ಹೊಗೆ ಹಾಕುವವರು, ಸ್ಪಾನ್ (ಸತ್ತವರು ಮತ್ತೆ ಎದ್ದು ಬರುವ ಜಾಗ) ಕಟ್ಟುವವರು ಬೇರೆಬೇರೆ ಇರುತ್ತಾರೆ. ಎಂಟು ಜನರಿಗೆ ಅದು ಶಿಕ್ಷೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಓಮಾಹಾದಲ್ಲಿ ಮೊದಲ ಬಿರುಕು ಮೂಡಿದ್ದು ಕಾವಲು ಬಿಗಿಯಾಗಿದ್ದ ಕಣಿವೆದಾರಿಗಳಲ್ಲಿ ಅಲ್ಲ, ಅವುಗಳ ನಡುವಿನ ದಿಣ್ಣೆಯನ್ನು ಹತ್ತಿದವರಿಂದ. ಹವ್ಯಾಸಿ ಓಮಾಹಾ ಮ್ಯಾಪ್ ಮಾಡುವವರು ಬಂಕರ್, ಮುಳ್ಳುತಂತಿ, ಕಬ್ಬಿಣದ ಅಡ್ಡಗಟ್ಟುಗಳನ್ನು ಚೆನ್ನಾಗಿ ಇಟ್ಟು ಆ ದಿಣ್ಣೆಯನ್ನು ಹತ್ತಲಾಗದ ಗೋಡೆ ಮಾಡಿಬಿಡುತ್ತಾರೆ. ಜಾಗದ ರೂಪ ಬಂತು, ಜಾಗ ಸೈನಿಕನ ಮುಂದೆ ಇಟ್ಟ ಆಯ್ಕೆ ಹೋಯಿತು. ನೆಲ ಎರಡು ಪಕ್ಷಗಳಿಗೂ ಏನು ಕಷ್ಟ ಕೊಟ್ಟಿತು, ಅವರ ಗುರಿ ಏನಿತ್ತು ಅನ್ನುವುದನ್ನು ಉಳಿಸಿಕೊಂಡರೆ ದೂರವನ್ನು ಎಷ್ಟು ಕುಗ್ಗಿಸಿದರೂ ಅದು ಅದೇ ಯುದ್ಧಭೂಮಿ.

ಈ ದೃಷ್ಟಿಯಿಂದ ಗೋವಾ ನೋಡಿ. ಪೋರ್ಚುಗೀಸರ ಬಳಿ ಇದ್ದದ್ದು ಸುಮಾರು 3,300 ಸೈನಿಕರು, ಎದುರಿಗೆ ಹತ್ತಾರು ಸಾವಿರ. ಗೆಲ್ಲುವ ಯೋಜನೆಯೇ ಅವರಿಗಿರಲಿಲ್ಲ. ಸೇತುವೆ ಉರುಳಿಸುತ್ತಾ, ದಾರಿ ಕಡಿಯುತ್ತಾ, ಮುರ್ಮಗೋವಾ ಕಡೆಗೆ ಹಿಂದೆ ಸರಿಯುತ್ತಾ ಕಾಲ ತಳ್ಳುವುದೇ ಯೋಜನೆ. 1961ರ ಡಿಸೆಂಬರ್ 18ರ ನಸುಕಿನಲ್ಲಿ ಡಿಚೋಲಿ, ಚಾಪೋರಾ, ಅಸನೋಡಾ ಸೇತುವೆಗಳನ್ನು ಉಡಾಯಿಸಿದರು. ಭಾರತದ ಪಡೆ ಅಂದು ಸಂಜೆಯೇ ಪಣಜಿಯ ಎದುರು ದಡದ ಬೇತಿ ತಲುಪಿತು, ಮರುದಿನ ಪಣಜಿಗೆ ಹೊಕ್ಕಿತು. ಒಂದು ಪಕ್ಷಕ್ಕೆ ಹೊತ್ತು ಬೇಕು, ಇನ್ನೊಂದಕ್ಕೆ ನೀರು ದಾಟಬೇಕು. ಮ್ಯಾಪಿಗೆ ಇದಕ್ಕಿಂತ ಸ್ಪಷ್ಟವಾದ ಗುರಿ ಇನ್ನೇನು ಬೇಕು?

ಅಂಜದೀವ್ ದ್ವೀಪದ ಹೋರಾಟ ಮಾಡಬಹುದಲ್ಲ ಅನ್ನಿಸಬಹುದು, ಅಲ್ಲಿಗೆ ಹೋದದ್ದು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್, ಕಾರವಾರಕ್ಕೂ ಹತ್ತಿರ. ನನಗೆ ಮನಸ್ಸಿಲ್ಲ. ಅಲ್ಲಿ ನೌಕಾಪಡೆಯ ಏಳು ಜನ ಸತ್ತರು, ಈಗ ಆ ದ್ವೀಪ ನೌಕಾನೆಲೆಯ ಭಾಗ. ಫೋಟೊ, ಡ್ರೋನ್ ಅಂತ ಆ ಕಡೆ ಹೋಗಲೇಬೇಡಿ. ಉಡಾಯಿಸಿದ ಸೇತುವೆಯೊಂದರ ಸುತ್ತಲಿನ ಹೊಳೆದಂಡೆಯನ್ನು ತೆಗೆದುಕೊಳ್ಳಿ, ಹಳ್ಳಿಗೆ ಕಲ್ಪಿತ ಹೆಸರಿಡಿ.

ನೆಲದ ಎತ್ತರಕ್ಕೆ ಎಸ್‌ಆರ್‌ಟಿಎಂ, ಅಂದರೆ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ, 30 ಮೀಟರಿಗೊಂದು ಬಿಂದುವಿನ ದತ್ತಾಂಶ ಉಚಿತವಾಗಿ ಸಿಗುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮೊದಲು ಅದನ್ನು ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಡಿಗ್ರಿಯಲ್ಲೇ ಬಿಟ್ಟರೆ ಗೋವಾದ ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮ ಶೇ. 3–4ರಷ್ಟು ಮಾತ್ರ ಹಿಗ್ಗುತ್ತದೆ, ಕಣ್ಣಿಗೆ ಬೀಳದು. ಇದೇ ತಪ್ಪು ನಾರ್ಮಂಡಿಯಲ್ಲಾದರೆ ಒಂದೂವರೆ ಪಟ್ಟು ಹಿಗ್ಗಿ ಇಡೀ ಮ್ಯಾಪ್ ಕೆಡುತ್ತದೆ. ರೀಸ್ಯಾಂಪ್ಲಿಂಗ್, ಅಂದರೆ ಬಿಂದುಗಳ ನಡುವಿನ ಎತ್ತರ ತುಂಬುವ ರೀತಿ, ಕ್ಯೂಬಿಕ್ ಇರಲಿ, ನಿಯರೆಸ್ಟ್ ಇಟ್ಟರೆ 30 ಮೀಟರ್ ಮೆಟ್ಟಿಲುಗಳು ಬರುತ್ತವೆ. ಬೇಕಾದಷ್ಟು ಭಾಗ ಕತ್ತರಿಸಿ, ಕನಿಷ್ಠ–ಗರಿಷ್ಠ ಎತ್ತರಗಳನ್ನು 0–65535ಕ್ಕೆ ಹರಡಿ, 16 ಬಿಟ್ ಪಿಎನ್‌ಜಿಯಾಗಿ ತೆಗೆಯಿರಿ. 8 ಬಿಟ್‌ನಲ್ಲಿ ತೆಗೆದರೆ 256 ಹಂತಗಳಷ್ಟೇ ಇರುತ್ತವೆ, ಗುಡ್ಡವೆಲ್ಲ ಭತ್ತದ ಮಡಿಗಳಾಗುತ್ತದೆ.

ಅನ್‌ರಿಯಲ್‌ನ ಲ್ಯಾಂಡ್‌ಸ್ಕೇಪ್ (ನೆಲದ ಹಾಸು) 1009×1009 ಬಿಂದು ಇಟ್ಟು, ಎಕ್ಸ್ ಮತ್ತು ವೈ ಸ್ಕೇಲ್ 50 ಕೊಡಿ. ಆಗ ಒಟ್ಟು 504 ಮೀಟರ್ ಚದರ, ಅರ್ಧ ಮೀಟರಿಗೊಂದು ಬಿಂದು. ಎತ್ತರದ ಜಡ್ ಸ್ಕೇಲ್‌ಗೆ ಲೆಕ್ಕ ಹೀಗೆ: ಅತಿ ತಗ್ಗಿನಿಂದ ಅತಿ ಎತ್ತರಕ್ಕಿರುವ ವ್ಯತ್ಯಾಸವನ್ನು ಸೆಂಟಿಮೀಟರ್‌ನಲ್ಲಿ ಬರೆದು 512ರಿಂದ ಭಾಗಿಸಿ. 100 ಮೀಟರ್ ವ್ಯತ್ಯಾಸಕ್ಕೆ 19.53. ಇದನ್ನು ಡಿಫಾಲ್ಟ್ 100ರಲ್ಲೇ ಬಿಟ್ಟು, ಗುಡ್ಡ ಮುಗಿಲು ಮುಟ್ಟಿತು ಅಂತ ಗಾಬರಿಯಾಗುವವರು ಬಹಳ.

ಆದರೆ 504 ಮೀಟರ್ ಅಗಲಕ್ಕೆ ಈ ದತ್ತಾಂಶ ಕೊಡುವುದು ಹದಿನೇಳು ಬಿಂದುಗಳನ್ನು ಮಾತ್ರ. ದೊಡ್ಡ ಗುಡ್ಡ ಎಲ್ಲಿ, ಹೊಳೆ ಎಲ್ಲಿ ಅನ್ನುವುದಷ್ಟೇ ನಿಜ, ಉಳಿದದ್ದು ನಯಗೊಳಿಸಿದ ಊಹೆ. ಅದರ ಮೇಲೆ ರೇಡಾರ್ ನೋಡಿದ್ದು ಮರದ ತಲೆಯನ್ನು. ತೆಂಗಿನ ತೋಟವಿದ್ದಲ್ಲಿ ಇಲ್ಲದ ದಿಬ್ಬ ಎದ್ದಿರುತ್ತದೆ, ಕೈಯಿಂದ ತಗ್ಗಿಸಿ. ರಸ್ತೆಗಳಿಗೆ ಇಂದಿನ ಓಪನ್‌ಸ್ಟ್ರೀಟ್‌ಮ್ಯಾಪ್ ಮಾತ್ರ ನಂಬಬೇಡಿ. ಮಾಂಡವಿ, ಜುವಾರಿ ಮೇಲಿನ ಇಂದಿನ ಹೆದ್ದಾರಿ ಸೇತುವೆಗಳು 1961ರಲ್ಲಿ ಇರಲಿಲ್ಲ, ಜನ ದೋಣಿಯಲ್ಲಿ ದಾಟುತ್ತಿದ್ದರು. ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್ 1950ರ ದಶಕದಲ್ಲಿ ಮಾಡಿದ 1:250,000 ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಆನ್‌ಲೈನ್ ಇಟ್ಟಿದೆ. ಅದರಲ್ಲಿ 1 ಮಿ.ಮೀ. ಅಂದರೆ 250 ಮೀಟರ್. ಮನೆ ಸಿಗದು, ದಾರಿ ಯಾವ ದಡದಲ್ಲಿತ್ತು ಅನ್ನುವುದು ಸಿಗುತ್ತದೆ.

ಆಟದ ಜೀವ ಇರುವುದು ಆ ದತ್ತಾಂಶ ಕಾಣದ ಒಂದೆರಡು ಮೀಟರ್‌ನಲ್ಲಿ. ಇಲ್ಲಿ ಗೋವಾದ ನೆಲ ನಿಮ್ಮ ಕೈ ಹಿಡಿಯುತ್ತದೆ. ಉಪ್ಪುನೀರು ತಡೆಯಲು ಕಟ್ಟಿದ ಖಜಾನ್ ಗದ್ದೆಗಳ ಒಡ್ಡುಗಳು ಬಯಲಿನ ನಡುವೆ ಸಹಜವಾದ ಕವರ್. ತೂಬಿನ ಬಾಗಿಲು, ಚಿರೆಕಲ್ಲಿನ ಕಾಂಪೌಂಡ್ ಗೋಡೆ, ಹೊಳೆಗೆ ಇಳಿಯುವ ಮೆಟ್ಟಿಲು, ಎಲ್ಲವೂ ಅಲ್ಲಿ ಇರಬೇಕಾದ ಕಾರಣಕ್ಕೇ ಇವೆ. ಮರಳುಮೂಟೆ, ಡ್ರಮ್ಮು ಚೆಲ್ಲುವ ಅಗತ್ಯವೇ ಬೀಳದು. ಅನ್‌ರಿಯಲ್‌ನ ಡಿಫಾಲ್ಟ್ ಪಾತ್ರದ ಎತ್ತರ 176 ಸೆಂ.ಮೀ., ಕಣ್ಣು ಸುಮಾರು 150ರಲ್ಲಿ, ಕುಕ್ಕರಿಸಿದರೆ ಒಟ್ಟು 80. ಹಾಗಾಗಿ ಒಡ್ಡು, ಗೋಡೆಗಳನ್ನು 105–110ಕ್ಕೆ ಇಡಿ: ನಿಂತವನು ಗುಂಡು ಹೊಡೆಯಬಲ್ಲ, ಕುಳಿತವನು ಮರೆಯಾಗುತ್ತಾನೆ. 135 ದಾಟಿಸಿದರೆ ಕಣ್ಣಿಗೆ ಶತ್ರು ಕಾಣುತ್ತಾನೆ, ಬಂದೂಕಿನ ಮೂತಿ ಮಾತ್ರ ಗೋಡೆಯ ಹಿಂದೆ. ಗುಂಡು ಮೂತಿಯಿಂದ ಹೊರಡುವಂತೆ ನೀವು ಬರೆದಿದ್ದರೆ ಅದು ಕಲ್ಲಿಗೇ ಬಡಿಯುತ್ತದೆ. ಇಳಿಜಾರಿನಲ್ಲೂ ಹೀಗೇ ಒಂದು ಗಡಿ ಇದೆ. ನಡೆಯಬಹುದಾದ ಕೋನ ಡಿಫಾಲ್ಟಾಗಿ 44.76 ಡಿಗ್ರಿ. 40–48ರ ನಡುವಿನ ದಂಡೆಯಲ್ಲಿ ಆಟಗಾರ ಒಂದು ಹೆಜ್ಜೆ ಹತ್ತಿ ಒಂದು ಹೆಜ್ಜೆ ಜಾರುತ್ತಾನೆ. ಹತ್ತಬೇಕಾದ ದಂಡೆ 35ರೊಳಗೆ, ಹತ್ತಬಾರದ್ದು 55ರ ಮೇಲೆ ಇರಲಿ.

ಆಡುವ ಜಾಗ 240×160 ಮೀಟರ್ ಸಾಕು, ಉಳಿದದ್ದು ಹಿನ್ನೆಲೆ. ದಾಳಿಯವರು ಹೊಳೆದಂಡೆಗೆ 15 ಸೆಕೆಂಡಿನಲ್ಲಿ ತಲುಪಲು ಸ್ಪಾನ್ 90 ಮೀಟರ್ ಹಿಂದೆ, ಕಾಯುವವರದ್ದು 60 ಮೀಟರ್. ಹೊಳೆ ದಾಟಲು ಮೂರು ದಾರಿ ಕೊಡಿ: ಮುರಿದ ಸೇತುವೆಯ ಕಂಬಗಳ ಮೇಲೆ ಹಲಗೆ, ಸೊಂಟಮಟ್ಟದ ನೀರಿನಲ್ಲಿ ನಡೆದು ದಾಟುವ ಹಾಯಗಡ, ಸುತ್ತಿ ಬರುವ ದೋಣಿಕಟ್ಟೆ. ಹಾಯಗಡದಲ್ಲಿ ಓಟವನ್ನು ಅರ್ಧಕ್ಕಿಳಿಸಿ, ಆದರೆ ಸೇತುವೆಯ ಎದುರಿರುವ ಗನ್ನಿಗೆ ಅದು ಕಾಣದ ಹಾಗೆ ದಂಡೆಯನ್ನು ತಿರುಗಿಸಿ. ಮೂರನ್ನೂ ಒಂದೇ ಕಿಟಕಿಯಿಂದ ನೋಡಲು ಸಾಧ್ಯವಾದರೆ ಅವು ಮೂರು ದಾರಿಗಳಲ್ಲ, ಒಂದೇ.

ಸೇತುವೆ ಉಡಾಯಿಸುವುದನ್ನು ಕಾಯುವವರ ಕೈಗೆ ಬಿಡಿ. ಬೇಗ ಉಡಾಯಿಸಿದರೆ ಆಚೆ ದಡದ ತಮ್ಮವರು ಅಲ್ಲೇ ಸಿಕ್ಕಿಬೀಳಬೇಕು, ತಡಮಾಡಿದರೆ ದಾಳಿಯವರು ಸಿಡಿಮದ್ದಿನ ತಂತಿ ಕತ್ತರಿಸಬೇಕು. ಬೀಳಿಸಿದ ಸ್ಥಿತಿಯನ್ನು ಮಲ್ಟಿಕಾಸ್ಟ್ ಈವೆಂಟಿನಲ್ಲಿ, ಅಂದರೆ ಆ ಕ್ಷಣ ಆಟದಲ್ಲಿರುವವರಿಗಷ್ಟೇ ಒಂದು ಸಲ ಹೋಗುವ ಸುದ್ದಿಯಾಗಿ, ಕಳಿಸಬೇಡಿ. ಆಮೇಲೆ ಸೇರಿದ ಆಟಗಾರನಿಗೆ ಆ ಸುದ್ದಿಯೇ ಮುಟ್ಟದು, ಅವನ ಪರದೆಯಲ್ಲಿ ಸೇತುವೆ ಗಟ್ಟಿಯಾಗಿ ನಿಂತಿರುತ್ತದೆ, ಕಾಲಿಟ್ಟಲ್ಲಿ ಸರ್ವರ್ ಅವನನ್ನು ಕೆಳಕ್ಕೆ ಎಳೆಯುತ್ತದೆ. ಸ್ಥಿತಿಯನ್ನು, ತಡವಾಗಿ ಸೇರಿದವರಿಗೂ ಸರ್ವರ್ ತಲುಪಿಸುವ ರೆಪ್‌ನೋಟಿಫೈ ವೇರಿಯಬಲ್‌ನಲ್ಲಿಡಿ.

ಆ ಕಾಲದ ಭಾರತೀಯ ಸೈನಿಕನ ಕೈಯಲ್ಲಿದ್ದದ್ದು .303 ಬೋಲ್ಟ್ ರೈಫಲ್, ಸ್ಟೆನ್ ಸಬ್‌ಮಷೀನ್‌ಗನ್, ಬ್ರೆನ್ ಲಘು ಮಷೀನ್‌ಗನ್. ಬೋಲ್ಟ್ ರೈಫಲಿಗೆ ಉದ್ದ ನೋಟ ಬೇಕು ಅಂತ 180 ಮೀಟರ್ ತೆರೆದಿಟ್ಟರೆ ಇನ್ನೊಂದು ತೊಡಕು: ಅನ್‌ರಿಯಲ್‌ನ ಡಿಫಾಲ್ಟ್ ನೆಟ್ ಕಲ್ ದೂರ, ಅಂದರೆ ಒಬ್ಬ ಆಟಗಾರನ ಸುದ್ದಿಯನ್ನು ಸರ್ವರ್ ಇನ್ನೊಬ್ಬನಿಗೆ ಕಳಿಸುವ ಮಿತಿ, 150 ಮೀಟರ್, ಅದರಾಚೆಯ ಶತ್ರು ನಿಮಗೆ ಕಾಣಿಸುವುದೇ ಇಲ್ಲ. ಪಾತ್ರದ ಬ್ಲೂಪ್ರಿಂಟಿನಲ್ಲಿ (ಅದರ ಗುಣಗಳನ್ನು ಹೊಂದಿಸುವ ಫೈಲಿನಲ್ಲಿ) ಅದನ್ನು ಹೆಚ್ಚಿಸಿ. ಅಲ್ಲಿ ಬರೆಯಬೇಕಾದದ್ದು ಸೆಂಟಿಮೀಟರಿನ ವರ್ಗ ಅನ್ನುವುದು ನೆನಪಿರಲಿ, 300 ಮೀಟರಿಗೆ 900000000. ಹುಲ್ಲಿನದ್ದೂ ಇದೇ ಕಥೆ. ದೂರದವನ ಪರದೆಯಲ್ಲಿ ಹುಲ್ಲು ಮೂಡುವುದಿಲ್ಲ, ಮಲಗಿದವನು ಬರಿ ನೆಲದ ಮೇಲೆ ಬಿದ್ದಿರುತ್ತಾನೆ. ಅಡಗಲು ಹುಲ್ಲನ್ನಲ್ಲ, ಒಡ್ಡನ್ನು ಕೊಡಿ.

ಸಂಖ್ಯೆಯ ಅಸಮತೋಲನವನ್ನು 8 ಎದುರು 8ರಲ್ಲಿ ತೋರಿಸಲು ಸ್ಪಾನ್ ಅಲೆಗಳೇ, ಅಂದರೆ ಸತ್ತವರು ಗುಂಪಾಗಿ ಮರಳುವ ಅವಧಿಯೇ, ದಾರಿ: ದಾಳಿಯವರಿಗೆ 6 ಸೆಕೆಂಡ್, ಟಿಕೆಟ್ (ಮತ್ತೆ ಎದ್ದು ಬರುವ ಅವಕಾಶ) ಮಿತಿ ಬೇಡ, ಕಾಯುವವರಿಗೆ 12 ಸೆಕೆಂಡ್, 60 ಟಿಕೆಟ್. ಗಡಿಯಾರ 12 ನಿಮಿಷದಿಂದ ಶುರುಮಾಡಿ. ಅಷ್ಟು ಹೊತ್ತು ತಡೆದರೆ ಕಾಯುವವರ ಗೆಲುವು, ಹಿಂದೆ ಸರಿದು ಹಳ್ಳಿ ಬಿಟ್ಟುಕೊಟ್ಟರೂ ಸರಿ. ಇದನ್ನೆಲ್ಲ ಬರಿ ಬೂದು ಡಬ್ಬಗಳಿಂದ ಕಟ್ಟಿದ ಕಚ್ಚಾ ಮ್ಯಾಪಿನಲ್ಲೇ ಆಡಿಸಿ ನೋಡಿ, ಯಾರು ಎಲ್ಲಿ ಸತ್ತರು ಅನ್ನುವುದನ್ನು ಫೈಲಿಗೆ ಬರೆಸಿ ಮ್ಯಾಪ್ ಮೇಲೆ ಚುಕ್ಕಿ ಹಾಕಿ. ಅರ್ಧಕ್ಕಿಂತ ಹೆಚ್ಚು ಚುಕ್ಕಿ ಸೇತುವೆಯ ಮೇಲೇ ಬಿದ್ದರೆ ಹಾಯಗಡವನ್ನು 20 ಮೀಟರ್ ಹತ್ತಿರ ತನ್ನಿ, ಆಮೇಲೆ ಮತ್ತೆ ಆಡಿಸಿ. ಚಿರೆಕಲ್ಲಿನ ಬಣ್ಣ, ತೆಂಗಿನ ಮರ, ಹಂಚಿನ ಮಾಡು ಅದರ ನಂತರ.