ರಾಡುಕಾನು ಲೇಖನ ಕಳಿಸಿದವರಿಗೆ: ಗೆಲುವಿನ ಹಿಂದಿನ ತಿಂಗಳುಗಳನ್ನು ಬರೆಯಿರಿ

ನಮಸ್ಕಾರ.

ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಎಮ್ಮಾ ರಾಡುಕಾನು ಬಗ್ಗೆ ನೀವು ಕಳಿಸಿದ ‘ಒಂದೇ ರಾತ್ರಿಯಲ್ಲಿ ಅರಳಿದ ತಾರೆ’ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಲೇಖನ 2021ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ನಡೆದ ಯುಎಸ್ ಓಪನ್ ಫೈನಲ್‌ನಿಂದ ಶುರುವಾಗಿ ಹೆಚ್ಚುಕಡಿಮೆ ಅಲ್ಲೇ ಮುಗಿಯುತ್ತದೆ. ಲೇಲಾ ಫರ್ನಾಂಡಿಸ್ ವಿರುದ್ಧ 6-4, 6-3 ಗೆಲುವು, 1977ರಲ್ಲಿ ವರ್ಜೀನಿಯಾ ವೇಡ್ ವಿಂಬಲ್ಡನ್ ಗೆದ್ದ ಮೇಲೆ ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದರ) ಸಿಂಗಲ್ಸ್ ಗೆದ್ದ ಮೊದಲ ಬ್ರಿಟಿಷ್ ಮಹಿಳೆ. ಎಲ್ಲ ಸರಿ. ಆದರೆ ಓದುಗರು ಇದನ್ನು ಅಂದಿನ ಸುದ್ದಿಯಲ್ಲೇ ಓದಿದ್ದಾರೆ. ಹದಿನೆಂಟರ ಹುಡುಗಿಗೆ ಇದು ಹೇಗೆ ಸಾಧ್ಯವಾಯಿತು ಎಂಬುದು ಅವರಿಗೆ ಇನ್ನೂ ತಿಳಿಯಬೇಕಿದೆ. ನೀವು ‘ಪವಾಡ’, ‘ದೈವಕೃಪೆ’ ಎಂದು ಬರೆದು ಆ ಪ್ರಶ್ನೆಯನ್ನು ದಾಟಿಬಿಟ್ಟಿದ್ದೀರಿ.

ಒಂದು ತಪ್ಪಂತೂ ದೊಡ್ಡದು. ಯುಎಸ್ ಓಪನ್‌ಗೆ ಅವರು ವೈಲ್ಡ್‌ಕಾರ್ಡ್ (ಆಯೋಜಕರು ತಾವಾಗಿ ಕೊಡುವ ವಿಶೇಷ ಪ್ರವೇಶ) ಪಡೆದು ಬಂದರು ಎಂದಿದ್ದೀರಿ. ವೈಲ್ಡ್‌ಕಾರ್ಡ್ ಸಿಕ್ಕಿದ್ದು ವಿಂಬಲ್ಡನ್‌ನಲ್ಲಿ, ಅವರು 338ನೇ ರ‍್ಯಾಂಕಿನಲ್ಲಿದ್ದಾಗ. ನ್ಯೂಯಾರ್ಕ್‌ಗೆ ಬಂದಾಗ ರ‍್ಯಾಂಕ್ 150. ಅದು ನೇರ ಪ್ರವೇಶಕ್ಕೆ ಸಾಲದು. ಅಲ್ಲಿ ಅರ್ಹತಾ ಸುತ್ತಿನಲ್ಲಿ 128 ಮಂದಿ ಆಡುತ್ತಾರೆ, ಸತತ ಮೂರು ಪಂದ್ಯ ಗೆದ್ದ 16 ಜನರಿಗೆ ಮಾತ್ರ ಮುಖ್ಯ ಡ್ರಾದಲ್ಲಿ ಜಾಗ. ರಾಡುಕಾನು ಆ ಮೂರನ್ನೂ ಗೆದ್ದರು, ನಂತರ ಇನ್ನೂ ಏಳನ್ನು ಗೆದ್ದರು. ಒಟ್ಟು ಹತ್ತು ಪಂದ್ಯ, ಒಂದು ಸೆಟ್ಟನ್ನೂ ಬಿಟ್ಟುಕೊಡಲಿಲ್ಲ. ಓಪನ್ ಯುಗದಲ್ಲಿ, ಅಂದರೆ ವೃತ್ತಿಪರರಿಗೂ ಗ್ರ್ಯಾನ್‌ಸ್ಲಾಮ್ ತೆರೆದ 1968ರಿಂದೀಚೆಗೆ, ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರು ಅದಕ್ಕೆ ಮೊದಲು ಪುರುಷರಲ್ಲೂ ಇಲ್ಲ, ಮಹಿಳೆಯರಲ್ಲೂ ಇಲ್ಲ. ಅರ್ಹತಾ ಸುತ್ತು ಮುಗಿಯುತ್ತಲೇ ಊರಿಗೆ ಮರಳಲು ಅವರು ವಿಮಾನದ ಟಿಕೆಟ್ ಮಾಡಿಸಿಟ್ಟಿದ್ದರು. ವೈಲ್ಡ್‌ಕಾರ್ಡ್ ಎಂದು ಬರೆದ ಒಂದೇ ಸಾಲಿನಿಂದ ಈ ಕತೆಯೆಲ್ಲ ನಿಮ್ಮ ಕೈತಪ್ಪಿದೆ.

ನಿಮ್ಮ ಲೇಖನದಲ್ಲಿ ನನಗೆ ಹಿಡಿಸಿದ್ದು ವಿಂಬಲ್ಡನ್‌ನ ನಾಲ್ಕನೇ ಸುತ್ತಿನ ಭಾಗ. ಆಸ್ಟ್ರೇಲಿಯಾದ ಐಲಾ ಟೊಮ್ಲಿಯಾನೊವಿಚ್ ಎದುರು ಮೊದಲ ಸೆಟ್ ಸೋತು, ಎರಡನೆಯದರಲ್ಲಿ 0-3 ಹಿಂದಿದ್ದಾಗ ಉಸಿರಾಟಕ್ಕೆ ಕಷ್ಟವಾಗಿ ಪಂದ್ಯ ಬಿಟ್ಟ ಆ ಸಂಜೆಯನ್ನು ಯಾವ ಅಬ್ಬರವೂ ಇಲ್ಲದೆ ಬರೆದಿದ್ದೀರಿ. ಅಲ್ಲಿ ನಿಮಗೆ ಬರವಣಿಗೆ ಒಲಿದಿದೆ. ಆದರೆ ಮುಂದಿನ ಸಾಲಿಗೇ ನ್ಯೂಯಾರ್ಕ್ ಬಂದುಬಿಡುತ್ತದೆ. ನಡುವಿನ ಆಗಸ್ಟ್ ಎಲ್ಲಿ ಹೋಯಿತು?

ಆ ಆಗಸ್ಟ್‌ನಲ್ಲಿ ಅವರು ಅಮೆರಿಕದ ಟೂರ್ನಿಗಳಲ್ಲಿ ಆಡುತ್ತಿದ್ದರು. ಸ್ಯಾನ್ ಹೋಸೆಯಲ್ಲಿ ಚೀನಾದ ಜಾಂಗ್ ಶುವಾಯ್ ಎದುರು ಮೊದಲ ಸುತ್ತಿನಲ್ಲೇ ಸೋತರು. ಷಿಕಾಗೋದ ಸಣ್ಣ ಟೂರ್ನಿಯಲ್ಲಿ ಫೈನಲ್‌ವರೆಗೆ ಹೋಗಿ ಕ್ಲಾರಾ ಟಾಸನ್‌ಗೆ ಮಣಿದರು. ಅದೇ ತಿಂಗಳು ಎ-ಲೆವೆಲ್ (ಬ್ರಿಟನ್ನಿನಲ್ಲಿ ಶಾಲೆಯ ಕೊನೆಯ ಪರೀಕ್ಷೆ) ಫಲಿತಾಂಶವೂ ಬಂತು: ಗಣಿತದಲ್ಲಿ ಎ-ಸ್ಟಾರ್, ಅರ್ಥಶಾಸ್ತ್ರದಲ್ಲಿ ಎ. ಇದಾದ ಮೇಲೆ ಯುಎಸ್ ಓಪನ್ ಎರಡನೇ ಸುತ್ತಿನಲ್ಲಿ ಎದುರು ನಿಂತವರು ಯಾರು? ಅದೇ ಜಾಂಗ್ ಶುವಾಯ್. ಈ ಸಲ ರಾಡುಕಾನು 6-2, 6-4ರಿಂದ ಗೆದ್ದರು. ನಿಮ್ಮ ಲೇಖನದ ನಡುಗಂಬ ಇದೇ ಆಗಬೇಕು. ಒಂದು ತಿಂಗಳಲ್ಲಿ ಅದೇ ಎದುರಾಳಿಯ ಮುಂದೆ ಏನು ಬದಲಾಯಿತು ಎಂದು ಹುಡುಕಿ. ಎರಡೂ ಪಂದ್ಯಗಳ ಹೈಲೈಟ್ಸ್ ಸಿಕ್ಕರೆ ನೋಡಿ. ಸರ್ವ್ ಹಿಂತಿರುಗಿಸುವಾಗ ಅವರು ಎಲ್ಲಿ ನಿಂತಿದ್ದಾರೆ, ಎರಡನೇ ಸರ್ವ್ ಮೇಲೆ ಹೇಗೆ ಎರಗುತ್ತಾರೆ ಎಂಬುದನ್ನು ನಿಮ್ಮ ಕಣ್ಣಿಂದಲೇ ಕಂಡು ಬರೆಯಿರಿ.

ಇನ್ನೂ ಹಿಂದಕ್ಕೆ ಹೋದರೆ ನಮಗೆ ಹತ್ತಿರದ ಸಂಗತಿಯೊಂದಿದೆ. 2019ರ ಡಿಸೆಂಬರ್‌ನಲ್ಲಿ, ಹದಿನೇಳು ತುಂಬಿದ ಮರುತಿಂಗಳೇ, ರಾಡುಕಾನು ಪುಣೆಯಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ಗೆದ್ದಿದ್ದರು. ಇಂಥ ಟೂರ್ನಿಗಳಿಗೆ ಟಿವಿಯವರು ಬರುವುದಿಲ್ಲ, ಗ್ಯಾಲರಿಯೂ ತುಂಬುವುದಿಲ್ಲ. ಕನ್ನಡದ ಓದುಗರಿಗೆ ಬರೆಯುವವರು ಪುಣೆಯನ್ನು ಬಿಟ್ಟದ್ದು ನನಗೆ ನಿಜಕ್ಕೂ ಬೇಸರ ತಂದಿತು.

ರಾಡುಕಾನು ಹುಟ್ಟಿದ್ದು ನೀವು ಬರೆದಂತೆ ಲಂಡನ್‌ನಲ್ಲಿ ಅಲ್ಲ, ಕೆನಡಾದ ಟೊರಾಂಟೊದಲ್ಲಿ. ತಂದೆ ರೊಮೇನಿಯಾದವರು, ತಾಯಿ ಚೀನಾದವರು. ಎರಡು ವರ್ಷದ ಮಗುವಾಗಿದ್ದಾಗ ಇಂಗ್ಲೆಂಡಿಗೆ ಬಂದು ಲಂಡನ್‌ನ ಬ್ರಾಮ್ಲಿಯಲ್ಲಿ ಬೆಳೆದರು. ತಿದ್ದಿಕೊಳ್ಳಿ.

ಕೊನೆಯ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ‘ಹಣ, ಜಾಹೀರಾತು ತಲೆಗೇರಿ ಆಟ ಕೆಟ್ಟಿತು’ ಎಂದು ತೀರ್ಪು ಕೊಟ್ಟಿದ್ದೀರಿ. ಅದಕ್ಕೆ ಆಧಾರವೇನು? ಯುಎಸ್ ಓಪನ್ ಗೆದ್ದ ಕೆಲವೇ ದಿನಗಳಲ್ಲಿ ಕೋಚ್ ಆ್ಯಂಡ್ರ್ಯೂ ರಿಚರ್ಡ್‌ಸನ್ ಜೊತೆಗಿನ ಒಪ್ಪಂದ ಕೊನೆಗೊಂಡದ್ದು, ಆಮೇಲೆ ಕೋಚ್‌ಗಳು ಬದಲಾಗುತ್ತಲೇ ಹೋದದ್ದು, 2022ರಲ್ಲಿ ಅದೇ ಯುಎಸ್ ಓಪನ್‌ನ ಮೊದಲ ಸುತ್ತಿನಲ್ಲಿ ಅಲಿಝೆ ಕಾರ್ನೆಗೆ ಸೋತದ್ದು ಎಲ್ಲವೂ ನಿಜ. 2023ರಲ್ಲಿ ಎರಡೂ ಕೈಗಳಿಗೆ, ಒಂದು ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಆಗಿ ಆ ವರ್ಷದ ವಿಂಬಲ್ಡನ್, ಯುಎಸ್ ಓಪನ್ ಎರಡೂ ತಪ್ಪಿದ್ದೂ ಅಷ್ಟೇ ನಿಜ. ಅದರ ಬಗ್ಗೆ ನಿಮ್ಮಲ್ಲಿ ಒಂದಕ್ಷರವಿಲ್ಲ. ಇಪ್ಪತ್ತರ ಆಟಗಾರ್ತಿಯ ಕೈಗೆ ಬ್ಯಾಂಡೇಜು ಸುತ್ತಿರುವಾಗ ಆಕೆಯ ಗುಣದ ಬಗ್ಗೆ ಮಾತಾಡುವುದು ನ್ಯಾಯವಲ್ಲ. ಅಂಥ ಸಾಲನ್ನು ನಮ್ಮ ಪತ್ರಿಕೆಯಲ್ಲಿ ನಾನು ಹಾಕುವುದಿಲ್ಲ.

ಪುಣೆಯಿಂದ ಶುರುಮಾಡಿ, ಸ್ಯಾನ್ ಹೋಸೆ ಸೋಲಿಗೆ ಒಂದು ಪುಟ ಕೊಡಿ, ಫೈನಲ್‌ಗೆ ಎರಡು ಪ್ಯಾರಾ ಸಾಕು. ಎರಡನೇ ಸೆಟ್‌ನಲ್ಲಿ 5-3 ಇದ್ದಾಗ ಮೊಣಕಾಲು ತರಚಿ ರಕ್ತ ಬಂದದ್ದು, ಪಟ್ಟಿ ಕಟ್ಟಿಸಿಕೊಂಡು ಬಂದು ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್) ಹೊಡೆದು ಮುಗಿಸಿದ್ದು ಇರಲಿ. ಒಟ್ಟು 1,200 ಪದ ಮೀರದಿರಲಿ. ಸ್ಕೋರುಗಳನ್ನು ಇನ್ನೊಮ್ಮೆ ತಾಳೆ ನೋಡಿ ಕಳಿಸಿ, ಬಂದ ವಾರವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ