ಕೇಳಿ, ಹೇಳುತ್ತೇವೆ: ಸಂಪಿನ ಕ್ಲೋರಿನ್, ಬೋರಿನ ಫ್ಲೋರೈಡ್

ಪ್ರಶ್ನೆ: ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ. 2000 ಲೀಟರ್ ಸಂಪಿಗೆ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಉದುರಿಸುತ್ತೇವೆ. ಮೊದಲ ದಿನ ಮೂಗು ಮುಚ್ಚುವಷ್ಟು ಘಾಟು, ನಾಲ್ಕನೇ ದಿನಕ್ಕೆ ಪಾಚಿ ವಾಸನೆ. ಎಷ್ಟು ಹಾಕಬೇಕು?
– ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಮುಷ್ಟಿಯ ಅಳತೆ ಬಿಡಿ, ತೂಗಿ ಹಾಕಿ. ಒಳ್ಳೆಯ ಹೊಸ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಮೂರನೇ ಒಂದು ಪಾಲು. ನಿಮ್ಮ ಸಂಪಿಗೆ 6 ಗ್ರಾಂ ಸಾಕು; ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸಿಕ್ಕಂತಾಯಿತು. ಬಾಯಿ ತೆರೆದಿಟ್ಟ ಹಳೇ ಪುಡಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಕ್ಲೋರಿನ್ ಆಗಲೇ ಗಾಳಿಗೆ ಹೋಗಿರುತ್ತದೆ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ತಳಕ್ಕೆ ಕೂರುವುದು ಸುಣ್ಣ. ಮೇಲಿನ ತಿಳಿಯನ್ನಷ್ಟೇ, ನಳದ ನೀರು ಸಂಪಿಗೆ ಬೀಳುತ್ತಿರುವಾಗಲೇ ಸುರಿಯಿರಿ, ತಾನೇ ಬೆರೆಯುತ್ತದೆ. ಒಂದು ತಾಸು ಬಿಟ್ಟು ಬಳಸಿ.

ಪಾಚಿ ವಾಸನೆಗೆ ಕಾರಣ ತಳದ ರಾಡಿ. ಕ್ಲೋರಿನ್ ಮೊದಲು ಅದರ ಮೇಲೆಯೇ ಖರ್ಚಾಗುತ್ತದೆ, ರೋಗಾಣುಗಳ ಪಾಲಿಗೆ ಉಳಿಯುವುದಿಲ್ಲ. ಘಾಟು ಕೂಡ ಬಹಳ ಸಲ ಕೊಳೆಯ ಜೊತೆ ಕೂಡಿದ ಕ್ಲೋರಿನ್ನಿನದೇ. ಸಂಪು ತೊಳೆಯದೆ ಪುಡಿ ಏರಿಸುವುದು ದಂಡ. ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್‌ನಲ್ಲಿ ನೋಡಿದರೆ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು.

ತೊಳೆಯುವಾಗ ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಮಾತ್ರ ಬೆರೆಸಬೇಡಿ. ಆಗ ಏಳುವ ಕ್ಲೋರಿನ್ ಅನಿಲ ಗಾಳಿಗಿಂತ ಭಾರ, ಸಂಪಿನೊಳಗೆ ಇಳಿದವರ ಮುಖದ ಹತ್ತಿರವೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಬೋರಿನ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.8 ಮಿಲಿಗ್ರಾಂ ಬಂದಿದೆ. ಕುದಿಸಿ ಕುಡಿದರೆ ನಡೆಯುತ್ತದೆಯೇ?
– ಓದುಗರೊಬ್ಬರು, ಮುಂಡರಗಿ

ಉತ್ತರ: ನಡೆಯುವುದಿಲ್ಲ, ಇನ್ನೂ ಕೆಡುತ್ತದೆ. ಕ್ಲೋರಿನ್ ಬಿಸಿಗೆ ಹಾರಿಹೋಗುತ್ತದೆ; ಫ್ಲೋರೈಡ್ ಕರಗಿದ ಉಪ್ಪಿನ ಹಾಗೆ, ಪಾತ್ರೆಯಲ್ಲೇ ಉಳಿಯುತ್ತದೆ. ಮೂರು ಲೀಟರ್ ಕುದ್ದು ಎರಡಾದರೆ 1.8 ಇದ್ದದ್ದು 2.7 ಆಗುತ್ತದೆ. ಕುಡಿಯುವ ನೀರಿಗೆ ಒಪ್ಪಿತ ಮಿತಿ 1.0, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ.

ಕ್ಯಾಂಡಲ್ ಫಿಲ್ಟರ್, ಯುವಿ ಎರಡೂ ಇದಕ್ಕೆ ಉಪಯೋಗವಿಲ್ಲ. ಆರ್‌ಒ ತಡೆಯುತ್ತದೆ, ಅದು ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ದಟ್ಟವಾಗಿರುವುದರಿಂದ ಅಡುಗೆಗೂ ದನಕ್ಕೂ ಬೇಡ. ಆ್ಯಕ್ಟಿವೇಟೆಡ್ ಅಲ್ಯೂಮಿನಾ (ಫಿಲ್ಟರಿಗೆ ತುಂಬುವ ಅಲ್ಯೂಮಿನಿಯಂ ಆಕ್ಸೈಡ್ ಕಾಳು) ಕೂಡ ಫ್ಲೋರೈಡ್ ಹಿಡಿಯುತ್ತದೆ, ಆದರೆ ತುಂಬಿಕೊಂಡ ಮೇಲೆ ಅದರಿಂದ ನೀರು ಹಾಗೆಯೇ ದಾಟುತ್ತದೆ, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ. ಆಗಾಗ ಪರೀಕ್ಷೆ ಮಾಡಿಸಿ. ಮಾಳಿಗೆಯ ಮಳೆನೀರನ್ನು, ಮೊದಲ ಮಳೆ ಬಿಟ್ಟು, ಕುಡಿಯಲೆಂದೇ ಹಿಡಿದಿಡುವುದು ಇವೆಲ್ಲಕ್ಕಿಂತ ಅಗ್ಗ.

ಪ್ರಶ್ನೆ: ಅಯೋಡಿನ್ ಉಪ್ಪನ್ನು ಒಲೆಯ ಪಕ್ಕ ತೆರೆದಿಡಬಹುದೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಬೇಡ. ಬಿಸಿ ಮತ್ತು ತೇವಕ್ಕೆ ಅಯೋಡಿನ್ ಕಳೆದುಹೋಗುತ್ತದೆ. ಮುಚ್ಚಳದ ಡಬ್ಬಿಯಲ್ಲಿಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ.