ದಸರಾ ರಜೆಯಲ್ಲಿ ಶಾಲೆಯ ಒಂದು ವಾರ: ಬುಟ್ಟಿಯ ಬಣ್ಣದಿಂದ ಒತ್ತಕ್ಷರದವರೆಗೆ

ದಸರಾ ರಜೆಯಲ್ಲಿ ಊರಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ವಾರ ಚಟುವಟಿಕೆ, ಜೊತೆಗೆ ಒಂದಿಷ್ಟು ಭಾಷಾಪಾಠ ನಡೆಸಲು ಹೊರಟ ಶಿಕ್ಷಕರು ಮತ್ತು ಪೋಷಕರ ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ.

ಪ್ರಶ್ನೆ: ಒಂದರಿಂದ ಐದನೇ ತರಗತಿಯ 24 ಮಕ್ಕಳು, ಒಂದೇ ಕೊಠಡಿ, ನೋಡಿಕೊಳ್ಳಲು ಇಬ್ಬರು. ಬೆಳಿಗ್ಗೆ ಭಾಷೆ, ಆಮೇಲೆ ಕೈಕೆಲಸ ಎಂದು ವೇಳಾಪಟ್ಟಿ ಹಾಕಿದ್ದೇವೆ. ಇದು ಸರಿಯೇ?
– ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಆ ಕ್ರಮವನ್ನು ತಿರುಗಿಸಿ. ರಜೆಯಲ್ಲಿ ಬಂದ ಮಗುವಿನ ಕೈಗೆ ಬಂದ ಕೂಡಲೇ ಪೆನ್ಸಿಲ್ ಕೊಟ್ಟರೆ ಅದಕ್ಕೆ ಬರೆಯಲು ವಿಷಯವೇ ಇರುವುದಿಲ್ಲ. ಹಲಗೆ ನೋಡಿಕೊಂಡು ನಕಲು ಮಾಡುತ್ತದೆ, ಮೂರನೇ ದಿನಕ್ಕೆ ಬರುವುದನ್ನೇ ಬಿಡುತ್ತದೆ. ಮೊದಲು ಕೈಗೆ ಕೆಲಸ, ಕೆಲಸದ ನಡುವೆ ಮಾತು, ಮಾತು ಹದಕ್ಕೆ ಬಂದ ಮೇಲೆ ಬರಹ. ಇಡೀ ವಾರವನ್ನು ಈ ಕ್ರಮದಲ್ಲೇ ಕಟ್ಟಿ.

ದಿನಕ್ಕೆ ಮೂರು ಗಂಟೆ ಸಾಕು, 9.30ರಿಂದ 12.30. ಮೊದಲ 80 ನಿಮಿಷ ಕೈಕೆಲಸ. 20 ನಿಮಿಷ ಕೈ ತೊಳೆದು ತಿಂಡಿ. ನಂತರ 30 ನಿಮಿಷ ವೃತ್ತದಲ್ಲಿ ಕೂತು ಮಾತು: ಇವತ್ತು ಏನು ಮಾಡಿದೆ, ಯಾವುದು ಕೈಕೊಟ್ಟಿತು, ನಾಳೆಗೆ ಏನು ತರಬೇಕು. ಆಮೇಲೆ 30 ನಿಮಿಷ ಬರಹ, ಕೊನೆಯ 20 ನಿಮಿಷ ಆಟ. ಆಟಕ್ಕೆ ಅಳಗುಳಿ ಮಣೆ ಒಳ್ಳೆಯದು. 14 ಗುಣಿಗೆ 5ರಂತೆ 70 ಹುಣಸೆಬೀಜ ಹಾಕಿ ಶುರುಮಾಡಿಸಿ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಣಿ ತೋಡಿದರೂ ಆಗುತ್ತದೆ. ಬೀಜ ಹಾಕುತ್ತಾ ಬಾಯಿಬಿಟ್ಟು ಎಣಿಸಬೇಕೆಂಬ ನಿಯಮ ಇಟ್ಟರೆ ಒಂದನೇ ತರಗತಿಯವರಿಗೆ ಅದೇ ಗಣಿತ, ಅದೇ ಭಾಷೆ.

ತರಗತಿವಾರು ಕೂರಿಸಬೇಡಿ. ಆರಾರು ಮಕ್ಕಳ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಚಿಕ್ಕವರು ದೊಡ್ಡವರು ಬೆರೆತಿರಲಿ. ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಮೂರು ತರಗತಿಯವರು ಒಟ್ಟಿಗೆ ಕೂತು ರೂಢಿಯಿರುವ ಮಕ್ಕಳಿಗೆ ಇದು ಹೊಸದೇನಲ್ಲ. ಚಿಕ್ಕವರು ಹೇಳಲಿ, ನಾಲ್ಕು-ಐದನೆಯವರು ಬರೆದುಕೊಳ್ಳಲಿ. ಬರೆಯುವ ಸರದಿ ದಿನಕ್ಕೊಬ್ಬರದಾಗಲಿ. ಇಲ್ಲದಿದ್ದರೆ ಅಕ್ಷರ ದುಂಡಗಿರುವ ಹುಡುಗಿಯೊಬ್ಬಳೇ ವಾರವಿಡೀ ಬರೆಯುತ್ತಾಳೆ, ಉಳಿದವರು ನೋಡುತ್ತಾ ಕೂರುತ್ತಾರೆ.

ಯಾವ ವಾರ ಎಂಬುದೂ ಮುಖ್ಯ. ನಮ್ಮ ಸಲಹೆ ವಿಜಯದಶಮಿಯ ಮಾರನೆಯ ದಿನದಿಂದ ಶುರುಮಾಡಿ ಎಂದು. ಐದನೆಯ ದಿನಕ್ಕೆ ಸೀಗೆ ಹುಣ್ಣಿಮೆ ಬರುತ್ತದೆ. ಪೈರು ನಿಂತ ಗದ್ದೆಗೆ ಪೂಜೆ ಮಾಡುವ ಈ ಹಬ್ಬ ಮಲೆನಾಡಿನ ನಮ್ಮ ಕಡೆಯವರಿಗೆ ಭೂಮಿ ಹುಣ್ಣಿಮೆ. ತಿಥಿ ಒತ್ತಿ ಬಂದರೆ ನಾಲ್ಕನೆಯ ದಿನಕ್ಕೂ ಬಂದೀತು, ಪಂಚಾಂಗ ನೋಡಿಕೊಳ್ಳಿ. ಹುಣ್ಣಿಮೆಯವರೆಗೆ ಕೈಕೆಲಸ ಮತ್ತು ಪದಸಂಗ್ರಹ, ಹುಣ್ಣಿಮೆಯ ದಿನ ಶಾಲೆಗೆ ಬಿಡುವು, ಮಕ್ಕಳು ಮನೆಯವರ ಜೊತೆ ಗದ್ದೆಗೆ ಹೋಗಲಿ. ಮಿಕ್ಕ ಎರಡು ದಿನ ಕಂಡದ್ದನ್ನು ಹೇಳಿ ಬರೆಯುವ ಕೆಲಸ. ಗದ್ದೆಯಿಲ್ಲದ ಮನೆಯ ಮಕ್ಕಳನ್ನು ಯಾರ ಜೊತೆ ಕಳಿಸುವುದೆಂದು ಹಿಂದಿನ ದಿನವೇ ಗೊತ್ತುಮಾಡಿ. ಆ ಎರಡು ದಿನ ಅವರಿಗೂ ಹೇಳಲು ಏನಾದರೂ ಇರಬೇಕು.

ಪ್ರಶ್ನೆ: ಹೋದ ಸಲ ಮಕ್ಕಳಿಂದ ಭೂಮಣ್ಣಿ ಬುಟ್ಟಿ (ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಚಿತ್ತಾರದ ಬುಟ್ಟಿ) ಬರೆಸಿದೆವು. ಬಿಳಿ ಗೆರೆಗಳೆಲ್ಲ ಒಣಗಿದ ಮೇಲೆ ಪುಡಿಯಾಗಿ ಉದುರಿದವು, ಒಂದೆರಡು ಬುಟ್ಟಿಗೆ ಬೂಷ್ಟು ಹಿಡಿಯಿತು. ಎಲ್ಲಿ ತಪ್ಪಿತು?
– ಶಾಲಾಭಿವೃದ್ಧಿ ಸಮಿತಿ ಸದಸ್ಯರು, ಸೊರಬ ತಾಲ್ಲೂಕು

ಉತ್ತರ: ಉದುರುವುದಕ್ಕೆ ಮೂರು ಕಾರಣ ಇರುತ್ತವೆ: ಬಿಳಿ ಬಣ್ಣಕ್ಕೆ ರುಬ್ಬಿದ ಅಕ್ಕಿ ತರಿತರಿಯಾಗಿರುವುದು, ಹಿಟ್ಟು ದಪ್ಪಗಿರುವುದು, ಕೆಳಗಿನ ಕೆಮ್ಮಣ್ಣು ಒಣಗದೆ ಇರುವುದು. ಹಸಿ ಮಣ್ಣಿನ ಮೇಲೆ ಎಳೆದ ಗೆರೆ ಮಣ್ಣು ಕುಗ್ಗಿದಾಗ ಬಿರಿಯುತ್ತದೆ, ದಪ್ಪ ಗೆರೆ ಒಣಗಿ ಹೊಪ್ಪಳೆಯಾಗಿ ಏಳುತ್ತದೆ.

ಮೊದಲ ದಿನ ಬರೀ ತಳ ಮಾಡಿ. ಬಿದಿರಿನ ಸಣ್ಣ ಬುಟ್ಟಿಗೆ ಸಗಣಿ ಸಾರಿಸಿ ಸಂದು ಮುಚ್ಚಿ ಬಿಸಿಲಿಗಿಡಿ. ಕೆಮ್ಮಣ್ಣನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಕದಡಿಟ್ಟಿರಬೇಕು. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿ, ತಳದ ಮರಳು ಬಿಟ್ಟು, ನಡುವಿನ ನಯವಾದ ರಾಡಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ. ಸಗಣಿ ಒಣಗಿದ ಮೇಲೆ ಇದನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಖಂಡಿತ.

ಎರಡನೆಯ ದಿನ ಬಿಳಿ. ಒಂದು ಲೋಟ ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ, ಒಂದೂವರೆ ಲೋಟ ನೀರು ಬೆರೆಸಿ. ಇದಕ್ಕೆ ಎರಡು ಚಮಚ ಅನ್ನದ ಗಂಜಿ ಹಾಕಿದರೆ ಗೆರೆ ಹಿಡಿದು ನಿಲ್ಲುತ್ತದೆ. ಹದ ನೋಡಲು ಕಡ್ಡಿ ಅದ್ದಿ ಎತ್ತಿ: ಹನಿ ತಾನಾಗಿ ಬೀಳಬೇಕು, ದಾರವಾಗಿ ಇಳಿಯಬಾರದು. ಆಯಾ ದಿನದ್ದನ್ನು ಆಯಾ ದಿನವೇ ರುಬ್ಬಿ, ರಾತ್ರಿ ಕಳೆದದ್ದು ಹುಳಿ ಬಂದು ಬೂಷ್ಟಿಗೆ ದಾರಿಯಾಗುತ್ತದೆ. ಕಪ್ಪಿಗೆ ಅಕ್ಕಿಯನ್ನು ಕರಕಲಾಗುವಂತೆ ಹುರಿದು ಪುಡಿ ಮಾಡಿ ನೀರಿನಲ್ಲಿ ಕಲಸುತ್ತಾರೆ. ಹುರಿಯುವುದು ದೊಡ್ಡವರ ಕೆಲಸ. ಹಳದಿಗೆ ಹಸೆ ಚಿತ್ತಾರ (ಮನೆಯ ಗೋಡೆಯ ಮೇಲಿನ ಚಿತ್ತಾರ) ಬರೆಯುವವರು ‘ಗುರಿಗೆ’ ಎಂಬ ಕಾಯಿ ಬಳಸುತ್ತಾರೆ, ಅದು ಸಿಗದ ಕಡೆ ಅರಿಶಿನ ಸಾಕು. ಆದರೆ ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ.

ಕುಂಚಕ್ಕೆ ಪುಂಡಿ ಗಿಡದ ನಾರೇ ಸರಿ. ನಾಲ್ಕು ಬೆರಳುದ್ದ ಕತ್ತರಿಸಿ, ನಡುವೆ ದಾರ ಸುತ್ತಿ, ಒಂದು ತುದಿಯನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಮೆಲ್ಲಗೆ ಜಜ್ಜಿದರೆ ಎಳೆ ಬಿಡುತ್ತದೆ. ಅಂಗಡಿಯ ಬ್ರಷ್ ಹೆಚ್ಚು ಹಿಟ್ಟು ಹೀರಿ ಗೆರೆಯನ್ನು ಅಗಲ ಮಾಡುತ್ತದೆ, ಚಿತ್ತಾರದ ಅಂದವಿರುವುದೇ ಸಣ್ಣ ನೇರ ಗೆರೆಯಲ್ಲಿ. ಒಂದು-ಎರಡನೇ ತರಗತಿಯವರಿಗೆ ಸಸಿ, ತೆನೆ ಮತ್ತು ಅಡ್ಡಗೆರೆ ಸಾಕು. ದೊಡ್ಡವರು ಎತ್ತು, ಗಾಡಿ ಬರೆಯಲಿ.

ಬೂಷ್ಟು ಬಂದದ್ದು ಒಣಗುವ ಮೊದಲೇ ಬೀರುವಿನಲ್ಲಿಟ್ಟದ್ದರಿಂದ ಇರಬೇಕು. ಅಕ್ಟೋಬರ್‌ನ ನಮ್ಮ ಹವೆಯಲ್ಲಿ ಕನಿಷ್ಠ ಎರಡು ದಿನ ಗಾಳಿ-ಬಿಸಿಲು ಬೇಕು.

ಇನ್ನೊಂದು ಮಾತು. ಭೂಮಣ್ಣಿ ಬುಟ್ಟಿ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ತಲೆಮಾರುಗಳಿಂದ ಬರೆಯುತ್ತ ಬಂದದ್ದು. ಊರಿನಲ್ಲಿ ಬಲ್ಲ ಅಜ್ಜಿಯೊಬ್ಬರಿದ್ದರೆ ಅವರನ್ನೇ ಗುರುವಾಗಿ ಕೂರಿಸಿ. ಮಕ್ಕಳು ಮೂರು ಪ್ರಶ್ನೆ ಮೊದಲೇ ಬರೆದಿಟ್ಟುಕೊಳ್ಳಲಿ. ‘ಹಬ್ಬದ ಮಹತ್ವ ಏನು’ ಎಂದು ಕೇಳಿದರೆ ಅವರೂ ಭಾಷಣದ ಮಾತು ಆಡುತ್ತಾರೆ. ‘ಬುಟ್ಟಿಯೊಳಗೆ ಮೊದಲು ಏನು ಇಡ್ತೀರಿ’, ‘ಯಾವ ಸೊಪ್ಪು ಹಾಕ್ತೀರಿ’, ‘ಚರಗ ಬೀರುವಾಗ ಏನಂತ ಕೂಗ್ತೀರಿ’ ಎಂದು ಕೇಳಿಸಿ. ಚರಗವೆಂದರೆ ಗದ್ದೆಗೆ ಬೀರುವ ಎಡೆ. ‘ಅಚ್ಚಂಬಲಿ, ಹಾಲಂಬಲಿ’ ಎಂದು ಶುರುವಾಗುವ ಆ ಕೂಗು ಊರಿಂದೂರಿಗೆ ಬದಲಾಗುತ್ತದೆ. ನಿಮ್ಮೂರಿನದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಪ್ರಶ್ನೆ: ಮೂರು-ನಾಲ್ಕನೇ ತರಗತಿಯ ಮಕ್ಕಳು ‘ಪುಸ್ತಕ’ವನ್ನು ‘ಪುತ್ಸಕ’ ಎಂದೂ ‘ಬೆಳೆ’ಯನ್ನು ‘ಬೆಲೆ’ ಎಂದೂ ಬರೆಯುತ್ತಾರೆ. ವಾರದಲ್ಲಿ ಏನಾದರೂ ಸರಿಹೋದೀತೇ?
– ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಎಲ್ಲವೂ ಅಲ್ಲ, ಒತ್ತಕ್ಷರದ ಒಂದು ಭಾಗ ಖಂಡಿತ ಸರಿಹೋಗುತ್ತದೆ. ಒಂದು ವಾರಕ್ಕೆ ಒಂದೇ ತೊಡಕು ಹಿಡಿಯಿರಿ.

ಮೊದಲು ಸಜಾತಿ ಒತ್ತು, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ನಮ್ಮ ಒತ್ತುಗಳಲ್ಲಿ ಹೆಚ್ಚಿನವು ಮೂಲ ಅಕ್ಷರದ ತಲೆಕಟ್ಟು ತೆಗೆದು ಕೆಳಗೆ ಚಿಕ್ಕದಾಗಿ ಬರೆದಂಥವು: ಗದ್ದೆ, ಬುಟ್ಟಿ, ಅಕ್ಕಿ, ಹಬ್ಬ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ: ಭತ್ತ, ಅನ್ನ, ಅಮ್ಮ, ಬೆಲ್ಲ. ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲೇ, ಆದರೆ ನಾವು ಎಲ್ಲ ಒತ್ತುಗಳನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಬಾಯಿಪಾಠ ಮಾಡಿಸುತ್ತೇವೆ. ಅದರ ಬದಲು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗದ್ದೆ ಬರೆಯಿರಿ. ಮಕ್ಕಳೇ ಕೂಡಿಸಿದ ಪದಗಳ ಚೀಟಿಗಳನ್ನು ‘ಹೋಲುವ ಒತ್ತು’ ಒಂದು ಗದ್ದೆಗೆ, ‘ಹೋಲದ ಒತ್ತು’ ಇನ್ನೊಂದಕ್ಕೆ ಹಾಕಲಿ. ಗದ್ದೆಗೆ ಸಂಬಂಧಿಸಿದ ಪದಗಳೇ ಸಾಕಷ್ಟು ಸಿಗುತ್ತವೆ: ಹುಲ್ಲು, ನಟ್ಟಿ, ಜೊಳ್ಳು, ಹೊಟ್ಟು, ಸುಗ್ಗಿ, ಕತ್ತಿ. ದಿನಕ್ಕೆ ಹತ್ತು ಚೀಟಿಗಿಂತ ಹೆಚ್ಚು ಬೇಡ. ನಾಲ್ಕನೆಯ ದಿನದ ಹೊತ್ತಿಗೆ ಆ ಆರನ್ನು ಮಕ್ಕಳೇ ಹೇಳುತ್ತಾರೆ.

‘ಪುತ್ಸಕ’ ಬೇರೆ ಜಾತಿಯ ತಪ್ಪು. ಮೊದಲು ಕೇಳುವುದು ಸ್, ಆಮೇಲೆ ತ. ಮೊದಲು ಕೇಳಿದ್ದು ಮೇಲೆ, ನಂತರದ್ದು ಕೆಳಗೆ ಎಂಬುದು ಕೈಗೆ ಬಂದಿರುವುದಿಲ್ಲ. ಚಪ್ಪಾಳೆ ಹೊಡೆಸಿ ಬಿಡಿಸಿ: ಪುಸ್–ತ–ಕ. ಚಪ್ಪಾಳೆಯ ತುದಿಗೆ ನಿಂತ ಸ್ ಮೇಲೆ ಕೂರುತ್ತದೆ, ಮುಂದಿನದ್ದು ಅದರ ಕಾಲಡಿಗೆ ಹೋಗುತ್ತದೆ. ಸೂರ್ಯ, ವರ್ಷ ಮುಂತಾದ ಅರ್ಕಾವೊತ್ತಿನ ಪದಗಳನ್ನು ಇದರ ಜೊತೆ ತರಲೇಬೇಡಿ. ಅಲ್ಲಿ ಮೊದಲು ಕೇಳುವ ರ್ ಬರಹದಲ್ಲಿ ಹಿಂದಕ್ಕೆ ಹೋಗುವುದರಿಂದ ಆಗಷ್ಟೇ ಕಲಿತ ನಿಯಮ ಕಲಸಿಹೋಗುತ್ತದೆ.

ಲ-ಳ ಗೊಂದಲಕ್ಕೆ ಬರಹಕ್ಕಿಂತ ಕಿವಿ ಮುಖ್ಯ. ಬೆಲೆ-ಬೆಳೆ, ಎಲೆ-ಎಳೆ, ಹುಲಿ-ಹುಳಿ ಜೋಡಿಗಳ ಚಿತ್ರ ನೆಲಕ್ಕಿಟ್ಟು, ನೀವು ಹೇಳಿದ್ದನ್ನು ಮಗು ಮುಟ್ಟಲಿ. ಮುಟ್ಟುವುದು ಹತ್ತಕ್ಕೆ ಒಂಬತ್ತು ಸಲ ಸರಿಬಂದ ಮೇಲೆ ಬರೆಸಿ. ಕಿವಿಗೆ ವ್ಯತ್ಯಾಸ ಸಿಗದ ಮಗುವಿಗೆ ನೂರು ಸಲ ಕಾಪಿ ಬರೆಸುವುದು ಶಿಕ್ಷೆಯೇ ಹೊರತು ಪಾಠವಲ್ಲ. ಮಹಾಪ್ರಾಣವನ್ನು ಈ ವಾರ ಮುಟ್ಟಬೇಡಿ, ಕೊನೆಯ ಪ್ರತಿಯಲ್ಲಿ ನೀವೇ ಪಕ್ಕದಲ್ಲಿ ಸರಿರೂಪ ಬರೆದುಕೊಟ್ಟರಾಯಿತು.

ಪ್ರಶ್ನೆ: ನಮ್ಮಲ್ಲಿ ಲಂಬಾಣಿ, ಉರ್ದು, ಕೊಂಕಣಿ ಮನೆಮಾತಿನ ಮಕ್ಕಳಿದ್ದಾರೆ. ವೃತ್ತದಲ್ಲಿ ಕೂತಾಗ ಬಾಯಿಯೇ ಬಿಡುವುದಿಲ್ಲ.
– ಅತಿಥಿ ಶಿಕ್ಷಕಿ, ಶಿಕಾರಿಪುರ ತಾಲ್ಲೂಕು

ಉತ್ತರ: ಅವರನ್ನು ಮೊದಲು ಮಾತಾಡಿಸಬೇಡಿ, ಮೊದಲು ಕಲಿಸುವವರನ್ನಾಗಿ ಮಾಡಿ. ದೊಡ್ಡ ಹಾಳೆಯಲ್ಲಿ ಭತ್ತ, ಅಕ್ಕಿ, ಅನ್ನ, ಬುಟ್ಟಿ, ನೀರು, ಮಳೆ ಎಂದು ಆರು ಚಿತ್ರ ಅಂಟಿಸಿ. ಪಕ್ಕದಲ್ಲಿ ತರಗತಿಯಲ್ಲಿರುವ ಪ್ರತಿ ಮನೆಮಾತಿಗೂ ಒಂದು ಅಂಕಣ ಬಿಡಿ. ಆ ಮಗು ತನ್ನ ಮನೆಯ ಪದ ಹೇಳಲಿ, ಎಲ್ಲರೂ ಅದನ್ನು ಉಚ್ಚರಿಸಲಿ, ಅವನು ಸರಿಯೋ ತಪ್ಪೋ ಹೇಳಲಿ. ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ನಮ್ಮ ರಾಜ್ಯದಲ್ಲಿ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಇದೆ. ಹೀಗೆ ಮಗು ತನಗೆ ಚೆನ್ನಾಗಿ ಗೊತ್ತಿರುವ ಪದದಲ್ಲೇ ಕನ್ನಡ ಅಕ್ಷರ ರೂಢಿಸಿಕೊಳ್ಳುತ್ತದೆ. ಆಮೇಲೆ ವಾಕ್ಯಕ್ಕೆ ಒಂದು ಅಚ್ಚು ಕೊಡಿ: ‘ನಾನು ಇವತ್ತು ____ ಮಾಡಿದೆ, ಅದು ____ ಆಯಿತು.’ ಖಾಲಿ ಜಾಗಕ್ಕೆ ಮನೆಮಾತಿನ ಪದ ಬಂದರೂ ಒಪ್ಪಿಕೊಳ್ಳಿ. ನಗುವ ಮಕ್ಕಳನ್ನು ಮಾತ್ರ ಮೊದಲ ದಿನವೇ ತಡೆಯಿರಿ. ಒಮ್ಮೆ ನಗೆಗೀಡಾದ ಮಗು ಆ ವಾರ ಮತ್ತೆ ಬಾಯಿ ತೆರೆಯುವುದಿಲ್ಲ.

ಪ್ರಶ್ನೆ: ಕೊನೆಯ ಎರಡು ದಿನ ಮಕ್ಕಳಿಂದ ಪುಸ್ತಕ ಮಾಡಿಸಬೇಕು. ಪಿನ್, ಅಂಟು ಇಲ್ಲದ ಸುಲಭ ವಿಧಾನ ಇದೆಯೇ?
– ಪೋಷಕರು, ಸಾಗರ

ಉತ್ತರ: ಒಂದೇ ಹಾಳೆಯಿಂದ ಎಂಟು ಪುಟ ಮಾಡಬಹುದು. ಎ4 ಹಾಳೆಯ ಪುಟ ತೀರಾ ಚಿಕ್ಕದಾಗುತ್ತದೆ, ಎ3 ತನ್ನಿ. ಉದ್ದಕ್ಕೆ ಒಮ್ಮೆ ಮಡಚಿ ಗೆರೆ ಬೀಳಿಸಿ ಬಿಚ್ಚಿ. ಅಡ್ಡಕ್ಕೆ ಅರ್ಧ ಮಡಚಿ, ಮತ್ತೆ ಅದೇ ದಿಕ್ಕಿನಲ್ಲಿ ಅರ್ಧ ಮಡಚಿ ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಈಗ ಅಡ್ಡಕ್ಕೆ ಒಂದೇ ಮಡಿಕೆ ಉಳಿಸಿಕೊಂಡು, ಮಡಚಿದ ಅಂಚಿನಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಹಾಳೆ ಬಿಚ್ಚಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಬಾಯಿ ಬಿಡುತ್ತದೆ. ಪುಟಗಳನ್ನು ಒಂದೇ ಕಡೆಗೆ ಸುತ್ತಿ ಒತ್ತಿ. ಮಕ್ಕಳು ತಪ್ಪುವುದು ಕತ್ತರಿಸುವಾಗ. ಮಡಚಿದ ಅಂಚಿನ ಬದಲು ತೆರೆದ ಅಂಚಿನಿಂದ ಕತ್ತರಿಸಿದರೆ ಸೀಳು ನಡುವೆ ಬರದೆ ಎರಡು ಪಕ್ಕಕ್ಕೆ ಬೀಳುತ್ತದೆ, ಪುಸ್ತಕವಾಗುವುದಿಲ್ಲ. ಕತ್ತರಿಸಬೇಕಾದ ಕಡೆ ಮೊದಲೇ ಕೆಂಪು ಗೆರೆ ಎಳೆದುಕೊಡಿ.

ಪುಟ ಸುಮಾರು 10.5 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ ಇರುತ್ತದೆ. ಒತ್ತಕ್ಷರ ಗೆರೆಯ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಸೆಂ.ಮೀ. ಬಿಡಿ. ಪುಟದ ಮೇಲರ್ಧ ಚಿತ್ರ, ಕೆಳಗೆ ಮೂರು-ನಾಲ್ಕು ಸಾಲು. ಕರಡು ಬೇರೆ ಹಾಳೆಯಲ್ಲಿರಲಿ, ತಿದ್ದಿದ ಮೇಲೆ ಪುಸ್ತಕಕ್ಕೆ ಇಳಿಯಲಿ.

ಪ್ರಶ್ನೆ: ಅಡಿಕೆ ಹಾಳೆಯ ಟೊಪ್ಪಿ ಮಾಡುವಾಗ ಹಾಳೆ ಸೀಳುತ್ತದೆ. ಏನು ಮಾಡಬೇಕು?
– ಹಿರಿಯ ವಿದ್ಯಾರ್ಥಿ, ಕೊಪ್ಪ

ಉತ್ತರ: ಒಣಗಿದ ಹಾಳೆಯನ್ನು ನೇರ ಮಡಚಿದ್ದೀರಿ. ಕಾಲು ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಬಾಗುವಷ್ಟು ಮೆದುವಾದ ಮೇಲೆ ತುದಿಗಳನ್ನು ನೆರಿಗೆ ಹಿಡಿದು ಬಿದಿರು ಕಡ್ಡಿಯಿಂದ ಚುಚ್ಚಿ. ನಾರು ಉದ್ದಕ್ಕೆ ಓಡುತ್ತದೆ, ಅಂಚಿಗೆ ತೀರ ಹತ್ತಿರ ಚುಚ್ಚಿದರೆ ಅಲ್ಲಿಂದಲೇ ಸೀಳು ಶುರು. ಎರಡು ಬೆರಳು ಒಳಗೆ ಚುಚ್ಚಿ. ಬಿದ್ದು ಬಹಳ ದಿನ ಮಳೆಯಲ್ಲಿ ನೆಂದು ಕಪ್ಪು ಚುಕ್ಕೆ ಬಂದ ಹಾಳೆ ಬೇಡ.

ಪ್ರಶ್ನೆ: ಇಂಗ್ಲಿಷನ್ನೂ ಕಲಿಸಿ ಎಂದು ಪೋಷಕರ ಒತ್ತಾಯ.
– ಮುಖ್ಯ ಶಿಕ್ಷಕರು, ಭದ್ರಾವತಿ ತಾಲ್ಲೂಕು

ಉತ್ತರ: ಕಲಿಸಿ, ಆದರೆ ದಿನಕ್ಕೆ ಆರು ಪದ, ಅದೂ ಅಂದಿನ ಕೆಲಸದ ಪದ, ಬಾಯಿಮಾತಿನಲ್ಲಿ ಮಾತ್ರ. ‘ಡಿಪ್ ದ ಬ್ರಷ್’, ‘ಡ್ರಾ ಎ ಲೈನ್’ ಎಂದು ನೀವು ಹೇಳಿ, ಮಕ್ಕಳು ಮಾಡಿ ತೋರಿಸಲಿ. ಕಾಗುಣಿತ ಕಂಠಪಾಠ ಬೇಡ.

ಪ್ರಶ್ನೆ: ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಏನು ಎಚ್ಚರ ಬೇಕು? ತಿಂಡಿಗೆ ಏನು ಮಾಡುವುದು?
– ಪೋಷಕರ ಗುಂಪು, ಹೊಸನಗರ

ಉತ್ತರ: ತಿಂಡಿಗೆ ಬೆಲ್ಲದ ಅವಲಕ್ಕಿ ಸುಲಭ. 24 ಮಕ್ಕಳಿಗೆ ಒಂದೂವರೆ ಕಿಲೋ ತೆಳು ಅವಲಕ್ಕಿ, 600 ಗ್ರಾಂ ಬೆಲ್ಲ, ಎರಡು ತೆಂಗಿನಕಾಯಿ ಸಾಕಾಗುತ್ತದೆ. ಸಗಣಿ-ಮಣ್ಣು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಯಾರೂ ತಟ್ಟೆ ಹಿಡಿಯಬಾರದು.

ಹೊರಗಿನ ಸುತ್ತಾಟ 11 ಗಂಟೆಯೊಳಗೆ ಮುಗಿಯಲಿ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಇದ್ದಕ್ಕಿದ್ದಂತೆ ಬರುತ್ತದೆ, ಬಯಲಿನ ಗದ್ದೆಯಲ್ಲಿ ಮಕ್ಕಳನ್ನು ಓಡಿಸಿಕೊಂಡು ಬರುವುದು ಆಗದ ಮಾತು. ಗದ್ದೆಯಂಚಿನಲ್ಲಿ ಒಬ್ಬ ದೊಡ್ಡವರು ಕೋಲು ತಟ್ಟುತ್ತಾ ಮುಂದೆ, ಇನ್ನೊಬ್ಬರು ಹಿಂದೆ. ಇಂಬಳ (ಜಿಗಣೆ) ಕಚ್ಚಿದರೆ ಕಿತ್ತೆಳೆಯಬೇಡಿ, ಉಗುರಿನಿಂದ ಮೆಲ್ಲಗೆ ಜಾರಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ಇದೇ ಕಾರ್ಯಕ್ರಮವನ್ನು ಬೇಸಿಗೆ ರಜೆಯಲ್ಲಿ ನಡೆಸುವವರು ಮಕ್ಕಳನ್ನು ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಒಯ್ಯಲೇಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗು (ರಕ್ತ ಹೀರುವ ಉಣ್ಣೆ) ಒಣ ತಿಂಗಳುಗಳಲ್ಲಿ, ಮಳೆಗಾಲ ಶುರುವಾಗುವವರೆಗೂ, ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮಕ್ಕಳನ್ನು ಕೂಡಲೇ ಹಿಂದಕ್ಕೆ ಕರೆದುಕೊಂಡು ಬಂದು, ಆರೋಗ್ಯ ಕೇಂದ್ರಕ್ಕೆ ಆ ದಿನವೇ ತಿಳಿಸಿ.